ಚಿಕ್ಕ ತಿಂಗಳು ದಾಟಿಸಿದ ದೀಪಗಳು

ಸಂಜೆ ಐದು ಗಂಟೆಯ ಸಮಯ. ತೈಪೇ ನಗರದ ರಾವ್‌ಹೆ ಬೀದಿಯಲ್ಲಿ ಹಗಲೆಲ್ಲ ಸ್ಕೂಟರುಗಳೂ ಕಾರುಗಳೂ ಎಂದಿನಂತೆ ಓಡಾಡಿಕೊಂಡಿದ್ದವು. ಈಗ ಅಕ್ಕಪಕ್ಕದ ಓಣಿಗಳಿಂದ ತಳ್ಳುಗಾಡಿಗಳು ಒಂದರ ಹಿಂದೊಂದು ಹೊರಬೀಳತೊಡಗುತ್ತವೆ. ನಡುವಯಸ್ಸಿನ ಗೃಹಿಣಿಯೊಬ್ಬಳು ಗಾಡಿಗೆ ತಡೆಗಲ್ಲು ಕೊಟ್ಟು ನಿಲ್ಲಿಸುತ್ತಾಳೆ; ಆಕೆಯ ಗಂಡ ವಿದ್ಯುದ್ದೀಪದ ತಂತಿಯನ್ನು ಜೋಡಿಸುತ್ತಾನೆ; ಶಾಲೆಯಿಂದ ಆಗಷ್ಟೇ ಬಂದ ಮಗ ಚೀಲವನ್ನು ಗಾಡಿಯ ಕೆಳಗಿರಿಸಿ ಈರುಳ್ಳಿ ಸೊಪ್ಪು ಹೆಚ್ಚಲು ಕೂರುತ್ತಾನೆ. ಅರ್ಧ ಗಂಟೆ ಕಳೆಯುವುದರೊಳಗಾಗಿ ಸುಮಾರು 600 ಮೀಟರು ಉದ್ದದ ಆ ಬೀದಿಯ ಚಹರೆಯೇ ಬದಲಾಗಿಬಿಡುತ್ತದೆ. ಎಣ್ಣೆಯ ಸದ್ದು, ಇದ್ದಿಲಿನ ಹೊಗೆ, ಕೂಗಿ ಕರೆಯುವವರ ಕಂಠ, ಹೆಗಲಿಗೆ ಹೆಗಲು ತಾಗಿಸಿ ನಡೆಯುವ ಜನಸ್ತೋಮ! ಬೀದಿಯ ಒಂದು ತುದಿಯಲ್ಲಿ, 1753ರಲ್ಲಿ ಕಟ್ಟಲು ತೊಡಗಿದ ಮಾತ್ಸು ದೇವಿಯ ಮಂದಿರ ನೂರಾರು ದೀಪಗಳಿಂದ ಬೆಳಗುತ್ತ ಈ ಸಂಭ್ರಮವನ್ನೆಲ್ಲ ನೋಡುತ್ತ ನಿಂತಿರುತ್ತದೆ.

ಇದು ತೈವಾನಿನ ‘ಯೆ-ಷಿ’. ಆ ಮಾತಿಗೆ ‘ಇರುಳ ಸಂತೆ’ ಎಂದೇ ಅರ್ಥ.

ತೈವಾನ್ ದೊಡ್ಡ ನಾಡೇನೂ ಅಲ್ಲ. ಚೀನದ ಆಗ್ನೇಯ ತೀರದಾಚೆ ಕಡಲಿನಲ್ಲಿರುವ ಈ ದ್ವೀಪದ ವಿಸ್ತೀರ್ಣ ಸುಮಾರು 36,000 ಚದರ ಕಿಲೋಮೀಟರು. ಕರ್ನಾಟಕದ ಐದನೆಯ ಒಂದು ಪಾಲಿಗಿಂತಲೂ ತುಸು ಕಡಿಮೆ. ಜನಸಂಖ್ಯೆ ಸುಮಾರು 2 ಕೋಟಿ 30 ಲಕ್ಷ. ಜಗತ್ತಿನ ಗಣಕಯಂತ್ರಗಳಿಗೂ ದೂರವಾಣಿಗಳಿಗೂ ಬೇಕಾದ ಅತಿಸೂಕ್ಷ್ಮ ಬಿಡಿಭಾಗಗಳನ್ನು ಒದಗಿಸುವ ದೇಶವೆಂದು ಇಂದು ಅದಕ್ಕೆ ಖ್ಯಾತಿಯಿದೆ. ಅಂಥ ಸಿರಿವಂತ ನಾಡಿನಲ್ಲಿ ತಳ್ಳುಗಾಡಿಯ ವ್ಯಾಪಾರ ಇಷ್ಟು ಹುಲುಸಾಗಿ ಉಳಿದುಕೊಂಡಿರುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಬೇಕಾದರೆ ನೂರಮೂವತ್ತು ವರ್ಷಗಳ ಹಿಂದಕ್ಕೆ, ದ್ವೀಪದ ದಕ್ಷಿಣ ಭಾಗದ ತೈನಾನ್ ಪಟ್ಟಣಕ್ಕೆ ಹೋಗಬೇಕು.

ಅಡ್ಡೆ ಹೊತ್ತ ಬೆಸ್ತ

1895ನೆಯ ಇಸವಿ ತೈವಾನಿನ ಇತಿಹಾಸದಲ್ಲಿ ಮರೆಯಲಾಗದ ವರ್ಷ. ಚೀನದ ಚಕ್ರವರ್ತಿ ಯುದ್ಧದಲ್ಲಿ ಸೋತು ಈ ದ್ವೀಪವನ್ನು ಜಪಾನಿಗೆ ಒಪ್ಪಿಸಿದ್ದು ಆ ವರ್ಷವೇ. ಅದೇ ವರ್ಷ ತೈನಾನಿನಲ್ಲಿ ಹೊಂಗ್ ಯೂತೌ ಎಂಬ ಬೆಸ್ತನೊಬ್ಬ ಹೆಗಲ ಮೇಲೆ ಅಡ್ಡೆ ಹೊತ್ತು ಬೀದಿಗಿಳಿದ. ಯೂತೌ ಎಂದರೆ ಕೆಸುವಿನ ಗೆಡ್ಡೆ. ಹೆಸರಿನಂತೆಯೇ ಮಣ್ಣಿಗೆ ಹತ್ತಿರದ ಬಡ ಮನುಷ್ಯ.

ತೈವಾನಿನ ಕಡಲಿನಲ್ಲಿ ಬೇಸಗೆ ಬಂತೆಂದರೆ ಚಂಡಮಾರುತಗಳ ಹಾವಳಿ. ದೋಣಿ ಇಳಿಸಿದವನು ಮರಳಿ ಬರುವನೆಂಬ ಭರವಸೆಯಿಲ್ಲ. ಬಲೆ ಮೂಲೆ ಸೇರುತ್ತದೆ; ಮನೆಯಲ್ಲಿ ಅಕ್ಕಿಯ ಪಾತ್ರೆ ಬರಿದಾಗುತ್ತದೆ. ದುಡಿಮೆಯಿಲ್ಲದ ಇಂಥ ದಿನಗಳನ್ನು ಅಲ್ಲಿಯ ಜನ ‘ಚಿಕ್ಕ ತಿಂಗಳು’ ಎಂದು ಕರೆಯುತ್ತಾರೆ. ಆ ಚಿಕ್ಕ ತಿಂಗಳನ್ನು ಹೇಗಾದರೂ ದಾಟಬೇಕಲ್ಲವೇ? ಹೊಂಗ್ ಯೂತೌ ಅಡ್ಡೆಯ ಒಂದು ತುದಿಗೆ ಒಲೆಯನ್ನೂ ಇನ್ನೊಂದು ತುದಿಗೆ ಶಾವಿಗೆ ಬಟ್ಟಲುಗಳನ್ನೂ ಕಟ್ಟಿಕೊಂಡು ಗುಡಿಯೊಂದರ ಮುಂದೆ ಕುಳಿತ. ಸಿಗಡಿ ಕುದಿಸಿ ತೆಗೆದ ಸಾರು, ಅದರಲ್ಲಿ ಬೆಂದ ಶಾವಿಗೆ, ಮೇಲೊಂದು ಚಮಚ ಕೊಚ್ಚಿದ ಮಾಂಸ, ಒಂದೇ ಒಂದು ಸಿಗಡಿ, ಚೂರು ಕೊತ್ತಂಬರಿ ಸೊಪ್ಪು. ಬಟ್ಟಲು ಚಿಕ್ಕದು, ಹೊಟ್ಟೆ ತುಂಬಿಸುವ ಊಟವಲ್ಲ, ಹಸಿವನ್ನು ಸಮಾಧಾನಪಡಿಸುವ ತಿನಿಸು. ಎದುರಿಗೆ ತೂಗುಹಾಕಿದ ದೀಪದ ಮೇಲೆ ‘ಚಿಕ್ಕ ತಿಂಗಳು ದಾಟಿಸುವ ಶಾವಿಗೆ’ ಎಂಬರ್ಥದ ಅಕ್ಷರಗಳಿದ್ದವು.

ಬಿರುಗಾಳಿಯ ದಿನಗಳು ಕಳೆದರೂ ಜನ ಆ ರುಚಿಯನ್ನು ಬಿಡಲಿಲ್ಲ. ಬೆಸ್ತ ಬಲೆಯನ್ನು ಬಿಟ್ಟು ಅಡ್ಡೆಯನ್ನೇ ಹಿಡಿದ. ‘ಅಡ್ಡೆಯ ಶಾವಿಗೆ’ ಎಂಬ ಹೆಸರಿನಿಂದ ಆ ತಿನಿಸು ಇಂದಿಗೂ ತೈವಾನಿನಾದ್ಯಂತ ಮನೆಮಾತಾಗಿದೆ. ತಲೆಮಾರುಗಳು ಉರುಳಿ ಆ ಮನೆತನದ ಅಂಗಡಿಗಳು ದೊಡ್ಡವಾಗಿವೆಯಾದರೂ, ಬಾಗಿಲ ಬಳಿ ಗಿಡ್ಡ ಒಲೆಯ ಮುಂದೆ ಚಿಕ್ಕ ಮಣೆಯ ಮೇಲೆ ಕುಳಿತು, ತಲೆಯ ಮೇಲೊಂದು ದೀಪ ತೂಗುಹಾಕಿಕೊಂಡು ಶಾವಿಗೆ ಬಡಿಸುವ ಪದ್ಧತಿಯನ್ನು ಅವರು ಕೈಬಿಟ್ಟಿಲ್ಲ. ಹಿರಿಯನು ಹಾಕಿಕೊಟ್ಟ ಕ್ರಮವದು.

ಇರುಳ ಸಂತೆಯ ಗುಟ್ಟು ಈ ಒಂದು ದೀಪದಲ್ಲಿ ಅಡಗಿದೆಯೆನ್ನಬಹುದು. ಹಗಲಿನ ದುಡಿಮೆ ಕೈಕೊಟ್ಟವನಿಗೆ ಇರುಳು ಒಂದು ದಾರಿ ತೋರಿಸುತ್ತದೆ. ಮಳಿಗೆಯ ಬಾಡಿಗೆ ಬೇಡ. ದೊಡ್ಡ ಬಂಡವಾಳ ಬೇಡ. ಒಂದು ಒಲೆ, ಒಂದು ಗಾಡಿ, ಕೈಯಲ್ಲಿ ಒಂದೇ ಒಂದು ತಿನಿಸಿನ ಪಾಕ ಇದ್ದರೆ ಸಾಕು.

ದೇವರ ಮುಂದಣ ಅಂಗಳ

ಈ ಅಡ್ಡೆಗಳೂ ಗಾಡಿಗಳೂ ಮೊದಲು ಸೇರಿದ್ದು ಗುಡಿಗಳ ಮುಂದೆ. ಅದಕ್ಕೆ ಕಾರಣವೂ ಸರಳವಾದುದೇ. ದಕ್ಷಿಣ ಚೀನದ ಫೂಜಿಯನ್ ಪ್ರಾಂತದಿಂದ ಕಡಲು ದಾಟಿ ಬಂದವರು ತಮ್ಮ ದೇವರನ್ನು ಜೊತೆಯಲ್ಲೇ ತಂದರು. ಹಬ್ಬದ ದಿನ ದೇವರ ಪ್ರೀತ್ಯರ್ಥವಾಗಿ ಗುಡಿಯ ಎದುರು ನಾಟಕವಾಡಿಸುವುದು ಸಂಪ್ರದಾಯ. ನಾಟಕಕ್ಕೆ ಜನ ಸೇರುತ್ತಾರೆ; ಜನ ಸೇರಿದಲ್ಲಿ ತಿನಿಸು ಮಾರುವವರು ಬರುತ್ತಾರೆ. ಕನ್ನಡ ನಾಡಿನ ಜಾತ್ರೆಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವರ್ಷಕ್ಕೊಮ್ಮೆ ಬರುವ ಜಾತ್ರೆ ಅಲ್ಲಿ ನಿತ್ಯದ ಜಾತ್ರೆಯಾಯಿತು, ಅಷ್ಟೇ.

ಉತ್ತರ ತುದಿಯ ರೇವುಪಟ್ಟಣವಾದ ಕೀಲುಂಗಿನ ಪ್ರಸಿದ್ಧ ಇರುಳ ಸಂತೆಗೆ ‘ಗುಡಿಬಾಗಿಲು’ ಎಂಬುದೇ ಹೆಸರು. ಅಲ್ಲಿ ಒಂದೊಂದು ಅಂಗಡಿಗೂ ಒಂದೊಂದು ಸಂಖ್ಯೆ. ಬೀದಿಯುದ್ದಕ್ಕೂ ಸಾಲಾಗಿ ಹಳದಿ ಬಣ್ಣದ ಲಾಂದ್ರಗಳು. ಗುಡಿಯ ಅಂಗಳದಲ್ಲೇ ಕುಳಿತು ಜನ ಉಣ್ಣುತ್ತಾರೆ. ಉಂಡವರು ಕೈತೊಳೆದು ಒಳಗೆ ಹೋಗಿ ಊದುಬತ್ತಿ ಹಚ್ಚುತ್ತಾರೆ. ಭಕ್ತಿಗೂ ಭುಕ್ತಿಗೂ ನಡುವೆ ಗೋಡೆಯಿಲ್ಲ.

ಚೀನೀಯರ ಮಾತಿನಲ್ಲಿ ‘ರೆ-ನಾವ್’ ಎಂಬ ಒಂದು ಶಬ್ದವುಂಟು. ಬಿಡಿಸಿದರೆ ‘ಬಿಸಿ ಮತ್ತು ಗದ್ದಲ’ ಎಂದಾಗುತ್ತದೆ. ಅವರಿಗೆ ಅದು ದೂಷಣೆಯ ಮಾತಲ್ಲ. ಮದುವೆಮನೆ ಹೇಗಿತ್ತು ಎಂದು ಕೇಳಿದರೆ ‘ಬಹಳ ರೆ-ನಾವ್ ಆಗಿತ್ತು’ ಎಂದು ಮೆಚ್ಚಿ ನುಡಿಯುತ್ತಾರೆ. ಜನ ನೂಕಾಡದ ಸಂತೆ, ಸದ್ದಿಲ್ಲದ ಸಂತೆ ಅವರ ಪಾಲಿಗೆ ಸತ್ತ ಸಂತೆ. ಆದ್ದರಿಂದಲೇ ತಿನಿಸಿನ ಗಾಡಿಗಳ ನಡುನಡುವೆ ಆಟದ ಅಂಗಡಿಗಳೂ ಇರುತ್ತವೆ. ಬಳೆಯೆಸೆದು ಬೊಂಬೆ ಗೆಲ್ಲುವ ಆಟ, ಬಲೂನಿಗೆ ಗುರಿಯಿಡುವ ಆಟ, ತೊಟ್ಟಿಯಲ್ಲಿ ಮೀನು ಹಿಡಿಯುವ ಆಟ. ಮಕ್ಕಳು ತಂದೆಯ ಕೈ ಹಿಡಿದೆಳೆಯುವುದು ಇಲ್ಲಿಯೇ.

ಕಡಲು ದಾಟಿ ಬಂದ ರುಚಿಗಳು

1949ರಲ್ಲಿ ಚೀನದ ಅಂತರ್ಯುದ್ಧದಲ್ಲಿ ಸೋತ ರಾಷ್ಟ್ರೀಯ ಪಕ್ಷದ ಸರಕಾರ ತೈವಾನಿಗೆ ಬಂದು ನೆಲೆಸಿತು. ಅದರೊಂದಿಗೆ ಸೈನಿಕರು, ಗುಮಾಸ್ತರು, ಉಪಾಧ್ಯಾಯರು, ಅವರ ಮಡದಿಮಕ್ಕಳು ಸೇರಿ ಹತ್ತು ಲಕ್ಷಕ್ಕೂ ಮಿಕ್ಕ ಜನ ದ್ವೀಪವನ್ನು ಸೇರಿದರು. ಕೆಲವೇ ತಿಂಗಳುಗಳಲ್ಲಿ ಊರಿಗೆ ಮರಳುವೆವೆಂಬ ನಂಬಿಕೆಯಿಂದ ಬಂದವರು ಅನೇಕರು. ಅವರ ಪಾಲಿಗೆ ಆ ಚಿಕ್ಕ ತಿಂಗಳು ಮುಗಿಯಲೇ ಇಲ್ಲ. ಮನೆ ಹಿಂದೆ ಉಳಿದಿತ್ತು, ಹೊಲ ಹಿಂದೆ ಉಳಿದಿತ್ತು. ಜೊತೆಗೆ ಬಂದದ್ದು ತಾಯಿ ಮಾಡುತ್ತಿದ್ದ ಅಡುಗೆಯ ನೆನಪೊಂದೇ. ಆ ನೆನಪನ್ನೇ ಗಾಡಿಯ ಮೇಲೇರಿಸಿ ಎಷ್ಟೋ ಮಂದಿ ಜೀವನ ಸಾಗಿಸಿದರು.

ರಾವ್‌ಹೆ ಬೀದಿಯ ಗುಡಿಯ ಬಳಿ ಸದಾ ಸರತಿಯ ಸಾಲು ಕಾಣುವ ಮೆಣಸಿನ ರೊಟ್ಟಿ ಮೂಲತಃ ಫೂಜಿಯನ್ನಿನ ಫೂಚೌ ಪಟ್ಟಣದ್ದು. ಗೋಧಿ ಹಿಟ್ಟಿನ ಕಣಕದೊಳಗೆ ಕಾಳುಮೆಣಸು ಬೆರೆಸಿದ ಹಂದಿಮಾಂಸವನ್ನೂ ಈರುಳ್ಳಿ ಸೊಪ್ಪನ್ನೂ ಹೂರಣದಂತೆ ತುಂಬಿ, ಮೇಲೆ ಎಳ್ಳು ಅಂಟಿಸಿ, ಉರಿಯುವ ಇದ್ದಿಲಿನ ಮಣ್ಣಿನ ಒಲೆಯ ಒಳಗೋಡೆಗೆ ತಟ್ಟುತ್ತಾರೆ. ಪಂಜಾಬಿನ ತಂದೂರಿ ಒಲೆಯನ್ನು ಕಂಡವರು ಇದು ಅದರ ತಮ್ಮನೇ ಸರಿ ಎನ್ನುವರು. ಕಾಳುಮೆಣಸಿಗೆ ಚೀನೀ ಭಾಷೆಯಲ್ಲಿರುವ ಹೆಸರೇ ಅದು ಪರದೇಶದಿಂದ ಬಂದ ಸರಕೆಂದು ಸಾರುತ್ತದೆ. ಆ ಬಳ್ಳಿಯ ತವರು ಕೊಡಗು ಮಲೆನಾಡುಗಳನ್ನೊಳಗೊಂಡ ಪಶ್ಚಿಮಘಟ್ಟದ ಕಾಡು.

ಇನ್ನೊಂದು ತಿನಿಸು ಇರುವಿಕೆಯನ್ನು ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಸುತ್ತದೆ. ಅದರ ಹೆಸರೇ ‘ನಾರುವ ತೋಫು’! ಸೋಯಾ ಅವರೆಯ ಹಾಲನ್ನು ಒಡೆಸಿ ಹಿಂಡಿ ಮಾಡಿದ ಗಟ್ಟಿಗೆ ತೋಫು ಎಂದು ಹೆಸರು. ಅದನ್ನು ದೀರ್ಘಕಾಲ ಹುಳಿಸಿದ ಉಪ್ಪುನೀರಿನಲ್ಲಿ ನೆನೆಸಿಟ್ಟು, ಎಣ್ಣೆಯಲ್ಲಿ ಗರಿಗರಿಯಾಗಿ ಕರಿದು, ಕೋಸಿನ ಉಪ್ಪಿನಕಾಯಿಯೊಂದಿಗೆ ಕೊಡುತ್ತಾರೆ. ಹೊಸಬರು ಮೂಗು ಮುಚ್ಚಿಕೊಂಡು ಓಡುವುದೂ, ಒಮ್ಮೆ ಬಾಯಿಗಿಟ್ಟವರು ಎರಡನೆಯ ತಟ್ಟೆ ಬೇಡುವುದೂ ಅಲ್ಲಿ ದಿನದಿನದ ವಿನೋದ.

ದ್ವೀಪದ ಸ್ವಂತ ತಿನಿಸೆನ್ನಬೇಕಾದರೆ ಸಿಂಪಿಯ ದೋಸೆಯನ್ನು ಹೆಸರಿಸಬೇಕು. ಸಿಹಿಗೆಣಸಿನ ಹಿಟ್ಟನ್ನು ನೀರಿನಲ್ಲಿ ಕಲಸಿ ಕಾವಲಿಯ ಮೇಲೆ ಹೊಯ್ದು, ಕಡಲಿನ ಸಿಂಪಿ, ಮೊಟ್ಟೆ, ಸೊಪ್ಪುಗಳನ್ನು ಸೇರಿಸಿ ಬೇಯಿಸಿ, ಮೇಲೆ ಸಿಹಿಹುಳಿಯ ಕೆಂಪು ಗೊಜ್ಜು ಸುರಿಯುತ್ತಾರೆ. ಇದಕ್ಕೊಂದು ದಂತಕಥೆಯಿದೆ. 1661ರಲ್ಲಿ ಝೆಂಗ್ ಚೆಂಗ್‌ಗಾಂಗ್ ಎಂಬ ವೀರ ತೈನಾನಿನ ಡಚ್ಚರ ಕೋಟೆಗೆ ಮುತ್ತಿಗೆ ಹಾಕಿದಾಗ ಶತ್ರುಗಳು ಅಕ್ಕಿಯನ್ನೆಲ್ಲ ಬಚ್ಚಿಟ್ಟರಂತೆ. ಸೈನಿಕರು ಕೈಗೆ ಸಿಕ್ಕ ಗೆಣಸಿನ ಹಿಟ್ಟು, ಸಿಂಪಿಗಳಿಂದಲೇ ಹೊಟ್ಟೆ ಹೊರೆದರಂತೆ. ಮುತ್ತಿಗೆ ನಡೆದದ್ದೂ, ಮರುವರ್ಷ ಡಚ್ಚರು ದ್ವೀಪ ಬಿಟ್ಟು ಹೋದದ್ದೂ ಇತಿಹಾಸ. ದೋಸೆಯ ಮಾತು ಕಥೆ. ಆದರೆ ಆ ಕಥೆಯನ್ನು ಕಟ್ಟಿದವರ ಮನಸ್ಸಿನಲ್ಲಿಯೂ ಇದ್ದದ್ದು ಅದೇ ಚಿಕ್ಕ ತಿಂಗಳೇ.

ಮುಂದೆ 1960ರ ದಶಕದಲ್ಲಿ ತೈವಾನಿನಲ್ಲಿ ಕಾರ್ಖಾನೆಗಳು ಎದ್ದವು. 1966ರಲ್ಲಿ ದಕ್ಷಿಣದ ಕಾವ್‌ಷಿಯುಂಗ್ ರೇವಿನಲ್ಲಿ ರಫ್ತಿಗಾಗಿಯೇ ಮೀಸಲಾದ ಕೈಗಾರಿಕಾ ವಲಯ ತೆರೆಯಿತು. ಹಳ್ಳಿಗಳಿಂದ ತರುಣ ತರುಣಿಯರು ದುಡಿಮೆಗೆ ಬಂದರು. ಹಾಸ್ಟೆಲಿನ ಕಿರುಕೋಣೆ, ತಡರಾತ್ರಿ ಮುಗಿಯುವ ಪಾಳಿ, ಕೈಯಲ್ಲಿ ಅಲ್ಪ ಸಂಬಳ. ಅವರ ಅಡುಗೆಮನೆ, ಅಂಗಡಿಬೀದಿ, ವಿಹಾರಸ್ಥಳಗಳೆಲ್ಲ ಇರುಳ ಸಂತೆಯೇ ಆಯಿತು. ಮಾರುವವನೂ ಬಡವ, ಕೊಳ್ಳುವವನೂ ಬಡವ, ಒಬ್ಬರನ್ನೊಬ್ಬರು ಸಾಕಿದರು.

ಶಾಕಾಹಾರಿಗೆ ಏನುಂಟು?

ಇಷ್ಟನ್ನೋದಿದ ಕನ್ನಡ ಗೃಹಿಣಿಯರು ‘ಅಲ್ಲಿ ಹೋದರೆ ಉಪವಾಸವೇ ಗತಿ’ ಎಂದುಕೊಳ್ಳಬಹುದು. ಹಾಗೇನೂ ಇಲ್ಲ. ತೈವಾನಿನಲ್ಲಿ ಬೌದ್ಧರ ಪ್ರಭಾವದಿಂದ ಶಾಕಾಹಾರಕ್ಕೆ ಗೌರವದ ಸ್ಥಾನವಿದೆ. ಶಾಕಾಹಾರದ ಅಂಗಡಿಯ ಫಲಕದ ಮೇಲೆ ಅನೇಕ ವೇಳೆ ಸ್ವಸ್ತಿಕದ ಗುರುತಿರುತ್ತದೆ. ಕಟ್ಟುನಿಟ್ಟಾಗಿ ನಡೆಯುವ ಇಂಥ ಅಡುಗೆಗಳಲ್ಲಿ ಈರುಳ್ಳಿ ಬೆಳ್ಳುಳ್ಳಿಗಳಿಗೂ ಪ್ರವೇಶವಿಲ್ಲ. ಮಡಿಯ ಮನೆಯ ಅಜ್ಜಿಯರೂ ಮೆಚ್ಚಬಹುದಾದ ನಿಯಮ.

ಮಕ್ಕಳು ಮುಗಿಬೀಳುವ ತಿನಿಸೊಂದಿದೆ. ಮಣೆಯಗಲದ ಕಡಲೆಕಾಯಿ ಮಿಠಾಯಿಯ ಹಲಗೆಯನ್ನು ಬಡಗಿ ಮರವನ್ನು ಕೀಸುವಂತೆ ಕೀಸಿ ಪುಡಿ ಮಾಡುತ್ತಾರೆ. ಹಾಳೆಯಂತೆ ತೆಳ್ಳಗಿನ ರೊಟ್ಟಿಯ ಮೇಲೆ ಆ ಪುಡಿಯನ್ನು ಹರಡಿ, ಐಸ್‌ಕ್ರೀಮಿನ ಉಂಡೆಗಳನ್ನಿಟ್ಟು, ಮೇಲೆ ಹಸಿ ಕೊತ್ತಂಬರಿ ಸೊಪ್ಪು ಉದುರಿಸಿ ಸುತ್ತಿಕೊಡುತ್ತಾರೆ. ಐಸ್‌ಕ್ರೀಮಿಗೆ ಕೊತ್ತಂಬರಿಯೇ ಎಂದು ಹುಬ್ಬೇರಿಸುವವರು ತಿಂದ ಮೇಲೆ ಮಾತಾಡುವುದು ಲೇಸು. ಸೆಕೆಯ ರಾತ್ರಿಗಳಿಗೆ ‘ಐಯೂ’ ಎಂಬ ತಂಪು ಪದಾರ್ಥವುಂಟು. ಅತ್ತಿಯ ಜಾತಿಗೆ ಸೇರಿದ ಬಳ್ಳಿಯೊಂದರ ಬೀಜಗಳನ್ನು ಬಟ್ಟೆಯಲ್ಲಿ ಕಟ್ಟಿ ತಣ್ಣೀರಿನಲ್ಲಿ ಹಿಸುಕಿದರೆ, ಒಲೆಯ ಹಂಗಿಲ್ಲದೆ ನೀರು ಹೆಪ್ಪುಗಟ್ಟುತ್ತದೆ. ಅದಕ್ಕೆ ನಿಂಬೆರಸ, ಸಕ್ಕರೆ ಪಾಕ ಬೆರೆಸಿ ಕುಡಿಯುತ್ತಾರೆ.

ಹಣ್ಣಿನ ಗಾಡಿಗಳ ಮುಂದಂತೂ ಕನ್ನಡಿಗನಿಗೆ ಊರಿನ ನೆನಪು ಬರದಿರದು. ಸೀಬೆಹಣ್ಣು ಅಲ್ಲಿದೆ, ಉಪ್ಪುಖಾರದ ಬದಲು ಹುಳಿಹಣ್ಣಿನ ಪುಡಿಯನ್ನು ಉದುರಿಸುತ್ತಾರೆ. ಸೀತಾಫಲವೂ ಇದೆ, ಅದನ್ನು ಅಲ್ಲಿ ‘ಷಿಜಿಯಾ’ ಎನ್ನುತ್ತಾರೆ. ಅದು ‘ಶಾಕ್ಯ’ ಶಬ್ದದ ಚೀನೀ ರೂಪ. ಹಣ್ಣಿನ ಮೈಮೇಲಿನ ಗುಬುಟುಗಳು ಶಾಕ್ಯಮುನಿ ಬುದ್ಧನ ವಿಗ್ರಹದ ಗುಂಗುರು ಕೂದಲನ್ನು ಹೋಲುವುದರಿಂದ ಆ ಹೆಸರು. ಇಲ್ಲಿ ಸೀತೆಯ ಹೆಸರು ಪಡೆದ ಹಣ್ಣು ಅಲ್ಲಿ ಬುದ್ಧನ ಹೆಸರು ಪಡೆದಿದೆ.

ಇಂದು ಬೆಂಗಳೂರಿನವರೆಗೂ ಬಂದಿರುವ ‘ಬಬಲ್ ಟೀ’ ಹುಟ್ಟಿದ್ದು 1980ರ ದಶಕದ ತೈವಾನಿನಲ್ಲಿ. ತಂಪಾದ ಹಾಲುಚಹದ ತಳದಲ್ಲಿ ಕಪ್ಪು ಮುತ್ತುಗಳಂತೆ ಮಲಗಿರುವ ಉಂಡೆಗಳು ಮರಗೆಣಸಿನ ಹಿಟ್ಟಿನವು, ಸಬ್ಬಕ್ಕಿಯ ದೊಡ್ಡಣ್ಣನೆನ್ನಬಹುದು. ಇದನ್ನು ಮೊದಲು ಮಾಡಿದವರು ತಾವೇ ಎಂದು ತೈಚುಂಗಿನ ಒಂದು ಚಹದಂಗಡಿಯೂ ತೈನಾನಿನ ಇನ್ನೊಂದು ಚಹದಂಗಡಿಯೂ ಹತ್ತು ವರ್ಷ ವ್ಯಾಜ್ಯವಾಡಿದವು. 2019ರಲ್ಲಿ ನ್ಯಾಯಾಲಯ ಇತ್ತ ತೀರ್ಪು ಸ್ವಾರಸ್ಯವಾಗಿದೆ: ಈ ಪಾನೀಯಕ್ಕೆ ಸ್ವಾಮ್ಯದ ಹಕ್ಕಿಲ್ಲ, ಯಾರು ಬೇಕಾದರೂ ಮಾಡಬಹುದು, ಮೊದಲಿಗರು ಯಾರೆಂದು ತೀರ್ಮಾನಿಸುವ ಅಗತ್ಯವೇ ಇಲ್ಲ!

ವಾರಗಳ ಸೂತ್ರ

ತೈಪೇಯ ದೊಡ್ಡ ಸಂತೆಗಳು ಪ್ರತಿರಾತ್ರಿ ನಡೆಯುತ್ತವೆ. ಅಡ್ಡೆಯ ಶಾವಿಗೆಯ ತವರಾದ ತೈನಾನಿನಲ್ಲಿ ಮಾತ್ರ ಸಂತೆಗೆ ವಾರದ ಕಟ್ಟಿದೆ. ದಾದೊಂಗ್, ವೂಷೆಂಗ್, ಹುವಾಯುವಾನ್ ಎಂಬ ಮೂರು ಬಯಲುಗಳು ಸರದಿಯಂತೆ ಜೀವ ತಳೆಯುತ್ತವೆ. ಯಾವ ವಾರ ಎಲ್ಲಿ ಎಂಬುದನ್ನು ನೆನಪಿಡಲು ಊರಿನವರು ಸೋಮವಾರದಿಂದ ಮೊದಲುಗೊಂಡು ಮೊದಲಕ್ಷರಗಳ ಸೂತ್ರವೊಂದನ್ನು ಮಾಡಿಕೊಂಡಿದ್ದಾರೆ: ‘ದಾ ದಾ ವೂ ಹುವಾ ದಾ ವೂ ಹುವಾ’. ಊರಿನ ಮಕ್ಕಳಿಗೂ ಈ ಸೂತ್ರ ಬಾಯಿಪಾಠ. ಒಂದು ಬಯಲಿನಲ್ಲಿ ಮಾರಿದವನು ಮರುದಿನ ಗಾಡಿ ಕಟ್ಟಿಕೊಂಡು ಇನ್ನೊಂದು ಬಯಲಿಗೆ ಹೊರಡುತ್ತಾನೆ. ಹಗಲಿನಲ್ಲಿ ನೋಡಿದರೆ ಅಲ್ಲಿ ಬರಿಯ ಬಯಲು. ಹಿಂದಿನ ರಾತ್ರಿ ಸಾವಿರಾರು ಜನ ಸೇರಿದ್ದ ಜಾಗವೆಂದು ಹೇಳಿದರೂ ನಂಬಲಾಗದು.

ಗಾಜಿನ ಮನೆಯ ಪಾಠ

ಇರುಳ ಸಂತೆಯ ಮೇಲೆ ಆಕ್ಷೇಪಗಳಿಲ್ಲದಿಲ್ಲ. ಹೊಗೆ, ಜಿಡ್ಡು, ಕಸ, ನಿದ್ರೆಗೆಡಿಸುವ ಸದ್ದು. ಬೆಂಕಿ ಬಿದ್ದರೆ ನೀರಿನ ವಾಹನ ನುಗ್ಗಲೂ ಎಡೆಯಿಲ್ಲದ ಇಕ್ಕಟ್ಟು. ಪರವಾನಗಿಯಿಲ್ಲದ ಗಾಡಿಗಳವರು ಪೊಲೀಸರ ಸುಳಿವು ಸಿಕ್ಕೊಡನೆ ಬಿಸಿ ಎಣ್ಣೆಯ ಬಾಣಲೆಯೊಂದಿಗೇ ಓಣಿಗೆ ಓಡುವ ದೃಶ್ಯ ಅಪರೂಪವಲ್ಲ. ಸಂತೆಯ ಪಕ್ಕದ ಮನೆಯಲ್ಲಿ ಪರೀಕ್ಷೆಗೆ ಓದುವ ಮಗುವಿನ ತಾಯಿಯ ದೂರಿನಲ್ಲಿಯೂ ನ್ಯಾಯವಿದೆ. ಆದ್ದರಿಂದ ಸಂತೆಯನ್ನು ಒಂದು ಕ್ರಮಕ್ಕೆ ತರಬೇಕೆಂಬ ಯೋಚನೆ ಅಧಿಕಾರಿಗಳಿಗೆ ಬಂದುದರಲ್ಲಿ ಆಶ್ಚರ್ಯವಿಲ್ಲ. ಆದರೆ ಆ ಯೋಚನೆ ಒಮ್ಮೆ ಏನು ಮಾಡಿತೆಂಬುದಕ್ಕೆ ತೈಪೇಯ ‘ಯುವಾನ್‌ಹುವಾನ್’ ಸಾಕ್ಷಿ.

ಯುವಾನ್‌ಹುವಾನ್ ಎಂದರೆ ವೃತ್ತ. ಹಲವು ರಸ್ತೆಗಳು ಕೂಡುವ ಈ ವೃತ್ತದಲ್ಲಿ ಜಪಾನೀಯರ ಆಳ್ವಿಕೆಯ ಕಾಲದಿಂದಲೂ ತಿನಿಸಿನ ಅಂಗಡಿಗಳು ಸೇರುತ್ತಿದ್ದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೆಂಕಿಯಾರಿಸಲು ನೀರು ಸಂಗ್ರಹಿಸುವ ಕೊಳವನ್ನು ಅಲ್ಲಿ ತೋಡಿದರು. ಯುದ್ಧ ಮುಗಿದೊಡನೆ ಒಲೆಗಳು ಹಿಂದಿರುಗಿದವು. ತಗಡಿನ ಸೂರುಗಳ ಕೆಳಗೆ ಒತ್ತೊತ್ತಾಗಿ ಕೂಡಿದ್ದ ಆ ಅಂಗಡಿಗಳು ಮುಂದೆ ದಶಕಗಳ ಕಾಲ ನಗರದ ನಾಲಗೆಯನ್ನು ಆಳಿದವು. 1993ರಲ್ಲೊಮ್ಮೆ, 1999ರಲ್ಲೊಮ್ಮೆ ಬೆಂಕಿ ಬಿತ್ತು. ನಗರದವರು ಹಳೆಯದನ್ನೆಲ್ಲ ತೆಗೆದು, ಹೆಸರಾಂತ ವಾಸ್ತುಶಿಲ್ಪಿಯಿಂದ ಗಾಜಿನ ದುಂಡು ಕಟ್ಟಡವೊಂದನ್ನು ಕಟ್ಟಿಸಿ 2003ರಲ್ಲಿ ತೆರೆದರು.

ಕಟ್ಟಡ ಚೊಕ್ಕವಾಗಿತ್ತು. ಜನ ಮಾತ್ರ ಬರಲಿಲ್ಲ. ಬೀದಿಯಲ್ಲಿ ನಡೆಯುವವನ ಮೂಗಿಗೆ ಒಗ್ಗರಣೆಯ ವಾಸನೆ ತಾಕದೆ, ಕಾಲು ತಾನಾಗಿ ನಿಲ್ಲಲಿಲ್ಲ. ಗಾಜಿನ ಗೋಡೆ ಹೊಗೆಯ ಜೊತೆಗೆ ಬಿಸಿಯನ್ನೂ ಗದ್ದಲವನ್ನೂ ಹೊರಗೆ ನಿಲ್ಲಿಸಿತ್ತು. 2006ರಲ್ಲಿ ಅದು ಮುಚ್ಚಿತು. ಮತ್ತೆ ತೆರೆದು ಮತ್ತೊಮ್ಮೆ ಮುಚ್ಚಿತು. ಕೊನೆಗೆ ಅದನ್ನು ಕೆಡವಿದರು. 2017ರ ಹೊತ್ತಿಗೆ ಅಲ್ಲಿ ಉಳಿದದ್ದು ಬಯಲು ಮಾತ್ರ. ಮೂರು ತಲೆಮಾರು ಉರಿದ ಒಲೆಗಳು, ಎರಡು ಸಲ ಬೆಂಕಿಗೆ ತುತ್ತಾಗಿಯೂ ಎದ್ದು ನಿಂತಿದ್ದ ಒಲೆಗಳು, ಗಾಜಿನ ಮನೆಯಲ್ಲಿ ಆರಿಹೋದವು.

ಆ ವೃತ್ತದಿಂದ ಕೂಗಳತೆಯ ದೂರದಲ್ಲಿರುವ ನಿಂಗ್‌ಷಿಯಾ ಬೀದಿಯಲ್ಲಿ ಇಂದಿಗೂ ಸಂಜೆಯಾದೊಡನೆ ರಸ್ತೆಯ ಮೇಲೆಯೇ ಗಾಡಿಗಳು ಸಾಲುಗಟ್ಟುತ್ತವೆ. ಹಗಲು ವಾಹನಗಳಿಗೆ, ಇರುಳು ಒಲೆಗಳಿಗೆ ಎಂದು ಒಂದೇ ರಸ್ತೆಯನ್ನು ಹಂಚಿಕೊಂಡಿದ್ದಾರೆ. ತೈಪೇಯ ಅತಿ ದೊಡ್ಡ ಸಂತೆಯಾದ ಷಿಲಿನ್‌ನಲ್ಲಿ ಮಾರುಕಟ್ಟೆಯ ತಿನಿಸಿನ ಅಂಗಡಿಗಳನ್ನು 2011ರ ಡಿಸೆಂಬರಿನಲ್ಲಿ ಹೊಸ ಕಟ್ಟಡದ ನೆಲಮಾಳಿಗೆಗೆ ಇಳಿಸಿದರು. ಸುತ್ತಲ ಓಣಿಗಳಲ್ಲಿ ಮಾತ್ರ ತಳ್ಳುಗಾಡಿಗಳ ದೀಪಗಳು ಹಿಂದಿನಂತೆಯೇ ಬೆಳಗುತ್ತಿವೆ. ಶುಚಿತ್ವ ಬೇಕು, ಸುರಕ್ಷತೆ ಬೇಕು. ಅವುಗಳ ಬೆಲೆಯಾಗಿ ಸಂತೆಯ ಜೀವವನ್ನೇ ತೆತ್ತರೆ ಉಳಿಯುವುದೇನು? ಈ ತಕ್ಕಡಿಯನ್ನು ಸಮತೂಕದಲ್ಲಿ ಹಿಡಿಯುವುದೇ ಅಲ್ಲಿಯ ನಗರಗಳ ಮುಂದಿರುವ ಕಠಿಣ ಕೆಲಸ.

ಮತ್ತೊಂದು ಚಿಕ್ಕ ತಿಂಗಳು

2018ರಲ್ಲಿ ಫ್ರಾನ್ಸಿನ ಹೆಸರಾಂತ ಮಿಷೆಲಿನ್ ಆಹಾರ ಕೈಪಿಡಿಯ ಮೊದಲ ತೈಪೇ ಆವೃತ್ತಿ ಹೊರಬಂದಾಗ, ಕಡಿಮೆ ಬೆಲೆಗೆ ಒಳ್ಳೆಯ ತಿನಿಸು ನೀಡುವವರ ಪಟ್ಟಿಯಲ್ಲಿ ಇರುಳ ಸಂತೆಯ ಗಾಡಿಗಳೂ ಸೇರಿದ್ದವು. ಕೀರ್ತಿ ಬಂತು, ಪರದೇಶದ ಪ್ರವಾಸಿಗಳು ಸಾಲಿನಲ್ಲಿ ನಿಂತರು. ಆದರೆ 2021ರ ಮೇ ತಿಂಗಳಿನಲ್ಲಿ ಕೊರೋನಾ ಪಿಡುಗು ದ್ವೀಪದಲ್ಲಿ ಹಬ್ಬಿದಾಗ ಅಂಗಡಿಯಲ್ಲಿ ಕುಳಿತು ಉಣ್ಣುವುದು ನಿಷಿದ್ಧವಾಯಿತು. ಎಷ್ಟೋ ಇರುಳ ಸಂತೆಗಳು ಬಾಗಿಲಿಲ್ಲದಿದ್ದರೂ ಮುಚ್ಚಿದವು. ಬಿರುಗಾಳಿಗೆ ಹೆದರಿ ಬೆಸ್ತ ದೋಣಿಯನ್ನು ದಡಕ್ಕೆಳೆದಂತೆ ಗಾಡಿಗಳು ಓಣಿ ಸೇರಿದವು. ಕೆಲವರು ಕಟ್ಟಿಕೊಟ್ಟ ಪೊಟ್ಟಣಗಳನ್ನು ಮನೆಮನೆಗೆ ಕಳುಹಿಸಿ ದಿನ ನೂಕಿದರು. ಕೆಲವರು ಗಾಡಿಯನ್ನು ಶಾಶ್ವತವಾಗಿ ನಿಲ್ಲಿಸಿದರು. ಜುಲೈ ಕೊನೆಯಲ್ಲಿ ಬಿಗಿ ಸಡಿಲವಾಗುತ್ತ ಬಂದಂತೆ ದೀಪಗಳು ಒಂದೊಂದಾಗಿ ಮತ್ತೆ ಹೊತ್ತಿದವು.

ಅಲ್ಲಿಯ ಹಿರಿಯ ವ್ಯಾಪಾರಿಗಳ ಚಿಂತೆ ಈಗ ಬೇರೆಯದು. ಮಕ್ಕಳು ಓದಿದ್ದಾರೆ, ಕಾರ್ಖಾನೆಗಳಲ್ಲಿ, ಕಚೇರಿಗಳಲ್ಲಿ ತಂಪಾದ ಕೋಣೆಯ ಕೆಲಸ ಕಾದಿದೆ. ಮಧ್ಯಾಹ್ನ ತರಕಾರಿ ಹೆಚ್ಚಲು ಕುಳಿತು ನಡುರಾತ್ರಿ ಬಾಣಲೆ ಉಜ್ಜಿ ಏಳುವ ಬದುಕು ಅವರಿಗೇಕೆ? ಮಗ ಓದಿ ಮೇಲೆ ಬರಲೆಂದೇ ಅಪ್ಪ ಇಷ್ಟು ವರ್ಷ ಒಲೆಯ ಮುಂದೆ ಬೆಂದದ್ದು; ಮಗ ಓದಿ ಮೇಲೆ ಬಂದುದರಿಂದಲೇ ಒಲೆಗೆ ವಾರಸುದಾರನಿಲ್ಲ. ಕಚೇರಿಯ ಕೆಲಸ ಬಿಟ್ಟು ಗಾಡಿಗೆ ಮರಳಿದ ಮಕ್ಕಳೂ ಅಲ್ಲಲ್ಲಿ ಇಲ್ಲದಿಲ್ಲ. ಅಂಥ ಗಾಡಿಯ ಮುಂದೆ ಹಳೆಯ ಗಿರಾಕಿ ಮೊದಲ ತುತ್ತು ಬಾಯಿಗಿಟ್ಟು, ಅಪ್ಪನ ಕೈರುಚಿ ಬಂದಿದೆಯೇ ಎಂದು ಕಣ್ಣು ಮುಚ್ಚಿ ನೋಡುವ ಆ ಒಂದು ಗಳಿಗೆ ಮಗನಿಗೆ ಪರೀಕ್ಷೆಯ ಗಳಿಗೆಯೇ ಸರಿ.

ನಡುರಾತ್ರಿ ಹನ್ನೆರಡು ಹೊಡೆಯುತ್ತದೆ. ರಾವ್‌ಹೆ ಬೀದಿಯಲ್ಲಿ ಮಣ್ಣಿನ ಒಲೆಯ ಕೊನೆಯ ರೊಟ್ಟಿ ಮಾರಿಹೋಗಿದೆ. ಗಂಡ ದೀಪದ ತಂತಿಯನ್ನು ಸುತ್ತುತ್ತಾನೆ. ಹೆಂಡತಿ ನೆಲಕ್ಕೆ ಬಿಸಿನೀರು ಸುರಿದು ಜಿಡ್ಡು ತೊಳೆಯುತ್ತಾಳೆ. ಪುಸ್ತಕದ ಚೀಲವನ್ನು ಹೆಗಲಿಗೇರಿಸಿದ ಹುಡುಗ ನಿದ್ದೆಗಣ್ಣಿನಲ್ಲಿಯೇ ಗಾಡಿಯ ಹಿಂದೆ ಕೈಕೊಟ್ಟು ತಳ್ಳುತ್ತಾನೆ. ಬೆಳಗಾದರೆ ಅಲ್ಲಿ ಮತ್ತೆ ಸ್ಕೂಟರುಗಳು ಓಡಾಡುತ್ತವೆ. ಒದ್ದೆ ನೆಲದ ಮೇಲೆ ಬಿದ್ದ ಎಳ್ಳು ಹೆಕ್ಕಲು ಗುಬ್ಬಿಗಳು ಮಾತ್ರ ಮೊದಲೇ ಬಂದಿರುತ್ತವೆ.